ಒಂದೇ ಹೊದಿಕೆಯ ಮೇಲೆ ಎರಡು ಹೆಸರು: ಮೂವತ್ತಮೂರು ವರ್ಷದ ಜಗಳದ ಕತೆ

2005ರ ನವೆಂಬರ್ 1ರಂದು ಅಮೆರಿಕದ ಫ್ಯಾಂಟಸಿ ರೆಕಾರ್ಡ್ಸ್ ಕಂಪನಿ ‘ದ ಲಾಂಗ್ ರೋಡ್ ಹೋಮ್’ ಎಂಬ ಆಲ್ಬಂ ಬಿಡುಗಡೆ ಮಾಡಿತು. ಮನೆ ಸೇರಲು ಹಿಡಿದ ದೂರದ ದಾರಿ ಎಂದು ಹೆಸರಿನ ಅರ್ಥ. ಕ್ರೀಡೆನ್ಸ್ ಕ್ಲಿಯರ್‌ವಾಟರ್ ರಿವೈವಲ್ ಎಂಬ ರಾಕ್ ತಂಡದ ಜನಪ್ರಿಯ ಗೀತೆಗಳೂ ಅದರ ಗಾಯಕ ಜಾನ್ ಫೊಗರ್ಟಿ ಆಮೇಲೆ ಒಬ್ಬರೇ ಹಾಡಿದ ಗೀತೆಗಳೂ ಸೇರಿ ಅದರಲ್ಲಿ 25 ಹಾಡುಗಳಿವೆ. ತಂಡವನ್ನೂ ಗಾಯಕನನ್ನೂ ಜೊತೆಗೂಡಿಸುವ ಇಂಥ ಸಂಗ್ರಹಗಳು ಹೊಸತೇನಲ್ಲ. ರಾಕ್ಸಿ ಮ್ಯೂಸಿಕ್ ತಂಡ ಮತ್ತು ಅದರ ಗಾಯಕ ಬ್ರಯಾನ್ ಫೆರಿಯವರ ಹಾಡುಗಳು 1986ರಲ್ಲೇ ಒಟ್ಟಾಗಿ ಬಂದಿದ್ದವು. 1997ರಲ್ಲಿ ‘ದ ಪೊಲೀಸ್’ ಎಂಬ ರಾಕ್ ತಂಡ ಮತ್ತು ಅದರ ಗಾಯಕ ಸ್ಟಿಂಗ್ ಅವರದೂ ಬಂತು. ಕ್ರೀಡೆನ್ಸ್ ತಂಡದ ಮಟ್ಟಿಗೆ ಮಾತ್ರ ಈ ಕೆಲಸಕ್ಕೆ, ತಂಡ ಒಡೆದ ದಿನದಿಂದ ಲೆಕ್ಕ ಹಾಕಿದರೆ, 33 ವರ್ಷ ಬೇಕಾಯಿತು. ಹಾಡಿದವರು ಒಬ್ಬರು, ಹಾಡಿನ ಒಡೆಯರು ಇನ್ನೊಬ್ಬರು ಆಗಿದ್ದುದೇ ಇದಕ್ಕೆ ಕಾರಣ.

ಕತೆ ಶುರುವಾಗುವುದು ಸ್ಯಾನ್ ಫ್ರಾನ್ಸಿಸ್ಕೊ ಕೊಲ್ಲಿಯ ಪಕ್ಕದ ಎಲ್ ಸೆರಿಟೊ ಎಂಬ ಸಣ್ಣ ಊರಿನ ಶಾಲೆಯಲ್ಲಿ. ಜಾನ್ ಫೊಗರ್ಟಿ, ಡಗ್ ಕ್ಲಿಫರ್ಡ್, ಸ್ಟು ಕುಕ್ ಎಂಬ ಮೂವರು ಹುಡುಗರು 1959ರ ಹೊತ್ತಿಗೇ ಜೊತೆಯಾಗಿ ನುಡಿಸುತ್ತಿದ್ದರು. ಜಾನ್ ಅವರ ಅಣ್ಣ ಟಾಮ್ ಬಂದು ಸೇರಿಕೊಂಡರು. 1964ರಲ್ಲಿ ನಾಲ್ವರೂ ಫ್ಯಾಂಟಸಿ ಕಂಪನಿಯ ಜೊತೆ ಒಪ್ಪಂದ ಮಾಡಿಕೊಂಡರು. ಅಲ್ಲಿಯವರೆಗೆ ಜಾಜ್ ಸಂಗೀತದ ರೆಕಾರ್ಡ್‌ಗಳಿಗೆ ಹೆಸರಾಗಿದ್ದ ಕಂಪನಿ ಅದು. ಒಪ್ಪಂದವಾದ ಮೇಲೆ ಕಂಪನಿ ತಂಡಕ್ಕೆ ‘ಗಾಲಿವಾಗ್ಸ್’ ಎಂಬ ಹೆಸರನ್ನು ಹೇರಿತು. ನಾಲ್ವರಿಗೂ ಅದು ಇಷ್ಟವಿರಲಿಲ್ಲ. ತಮ್ಮ ಹೆಸರಿನ ಮೇಲೂ ತಮಗೆ ಹಕ್ಕಿಲ್ಲ ಎಂಬ ಪಾಠ ಮೊದಲ ದಿನವೇ ಸಿಕ್ಕಿತ್ತು ಎಂದು ಈಗ ಅನ್ನಿಸುತ್ತದೆ.

1955ರಿಂದ ಅದೇ ಕಂಪನಿಯಲ್ಲಿ ರೆಕಾರ್ಡ್ ಮಾರುವ ಕೆಲಸದಲ್ಲಿದ್ದ ಸಾಲ್ ಜೇಂಟ್ಸ್, 1967ರಲ್ಲಿ ಪಾಲುದಾರರೊಂದಿಗೆ ಸೇರಿ ಕಂಪನಿಯನ್ನೇ ಕೊಂಡರು. ತಂಡಕ್ಕೆ ಹೊಸ ಹೆಸರು ಬಂತು. ಮುಂದಿನ ವರ್ಷ ಮೀಸಲು ಸೇನೆಯಿಂದ ಬಿಡುಗಡೆಯ ಪತ್ರ ಫೊಗರ್ಟಿಯವರ ಮನೆ ಮೆಟ್ಟಿಲ ಮೇಲೆ ಬಂದು ಬಿದ್ದಿತ್ತು. ವಿಯೆಟ್ನಾಂ ಯುದ್ಧದ ಕಾಲ. ಆ ಲಕೋಟೆಯ ಬೆಲೆ ಏನೆಂದು ಆ ವಯಸ್ಸಿನ ಯಾವ ಅಮೆರಿಕನ್ನನಿಗೂ ಗೊತ್ತಿತ್ತು. ಒಡೆದು ಓದಿ, ಸಂತೋಷ ತಡೆಯಲಾರದೆ ಒಳಗೆ ಹೋಗಿ ಗಿಟಾರ್ ಎತ್ತಿಕೊಂಡಾಗ ಹುಟ್ಟಿದ್ದೇ ‘ಪ್ರೌಡ್ ಮೇರಿ’ ಎಂದು ಅವರೇ ಹೇಳಿಕೊಂಡಿದ್ದಾರೆ.

1969 ಒಂದೇ ವರ್ಷದಲ್ಲಿ ಈ ತಂಡ ಮೂರು ಆಲ್ಬಂ ಹೊರತಂದಿತು. ವುಡ್‌ಸ್ಟಾಕ್ ಉತ್ಸವದಲ್ಲೂ ಹಾಡಿತು. ಅಮೆರಿಕದ ಜನಪ್ರಿಯ ಹಾಡುಗಳ ಬಿಲ್‌ಬೋರ್ಡ್ ಪಟ್ಟಿಯಲ್ಲಿ ಇವರ ಐದು ಸಿಂಗಲ್‌ಗಳು (ಬಿಡಿಯಾಗಿ ಹೊರಬಂದ ರೆಕಾರ್ಡ್‌ಗಳು) ಎರಡನೆಯ ಸ್ಥಾನದವರೆಗೆ ಏರಿದವು, ಮೊದಲ ಸ್ಥಾನ ಮಾತ್ರ ಒಮ್ಮೆಯೂ ದಕ್ಕಲಿಲ್ಲ. ಲೂಯಿಸಿಯಾನಾದ ಜೌಗು ನೆಲದಲ್ಲೇ ಹುಟ್ಟಿ ಬೆಳೆದವರ ದನಿಯಂತೆ ಕೇಳುವ ಈ ಹಾಡುಗಳನ್ನು ಕಟ್ಟಿದವರು ಕ್ಯಾಲಿಫೋರ್ನಿಯಾದ ಹುಡುಗರು ಎಂಬುದು ನನಗೆ ಇಂದಿಗೂ ಬೆರಗಿನ ಸಂಗತಿ.

ತಂಡದೊಳಗೆ ಬಿರುಕು ಬೇಗನೆ ಬಂತು. ಹಾಡು ಬರೆಯುವುದು, ಹಾಡುವುದು, ಮುಖ್ಯ ಗಿಟಾರ್ ನುಡಿಸುವುದು, ಧ್ವನಿಮುದ್ರಣ ನೋಡಿಕೊಳ್ಳುವುದು, ಎಲ್ಲವೂ ಜಾನ್ ಅವರ ಕೈಯಲ್ಲೇ ಇತ್ತು. 1971ರಲ್ಲಿ ಅಣ್ಣ ಟಾಮ್ ಹೊರನಡೆದರು. 1972ರ ಅಕ್ಟೋಬರ್‌ನಲ್ಲಿ ತಂಡವೇ ಮುಗಿಯಿತು. ಆದರೆ ಒಪ್ಪಂದ ಮುಗಿಯಲಿಲ್ಲ. ಇಷ್ಟು ಹಾಡು ಕೊಡಬೇಕು ಎಂಬ ಕರಾರಿನ ಬಾಕಿ ಫೊಗರ್ಟಿಯವರ ತಲೆಯ ಮೇಲೆ ಉಳಿಯಿತು. ಗಳಿಸಿದ ಹಣವನ್ನು ತೆರಿಗೆ ಉಳಿಸುವ ಸಲಹೆಯಂತೆ ಬಹಾಮಾಸ್‌ನ ಒಂದು ಬ್ಯಾಂಕಿನಲ್ಲಿ ಇಟ್ಟಿದ್ದರು. ಆ ಬ್ಯಾಂಕು ಮುಳುಗಿ ಅದೂ ಹೋಯಿತು.

ಇಲ್ಲಿ ಹಕ್ಕುಗಳ ಮಾತನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಒಂದು ಹಾಡಿಗೆ ಎರಡು ಆಸ್ತಿಗಳಿರುತ್ತವೆ. ಸಾಹಿತ್ಯ ಮತ್ತು ರಾಗ ಸೇರಿದ ಕೃತಿ ಒಂದು, ಅದರ ಧ್ವನಿಮುದ್ರಣ ಇನ್ನೊಂದು. ಕ್ರೀಡೆನ್ಸ್ ಹಾಡುಗಳಲ್ಲಿ ಕೃತಿಯ ಪ್ರಕಾಶನ ಹಕ್ಕೂ ಮುದ್ರಿತ ಟೇಪುಗಳ ಹಕ್ಕೂ ಫ್ಯಾಂಟಸಿಯದಾಗಿದ್ದವು. ಬರೆದು ಹಾಡಿದವರಿಗೆ ಉಳಿದದ್ದು ರಾಯಲ್ಟಿ, ಅಂದರೆ ಗಳಿಕೆಯ ಒಂದು ಪಾಲು, ಮಾತ್ರ. ಒಪ್ಪಂದದ ಹಗ್ಗ ಬಿಚ್ಚಿಸಿಕೊಳ್ಳುವ ಸಲುವಾಗಿ, ಆ ರೆಕಾರ್ಡ್‌ಗಳಿಂದ ಕಲಾವಿದನಾಗಿ ತಮಗೆ ಬರಬೇಕಿದ್ದ ರಾಯಲ್ಟಿಯನ್ನೂ ಫೊಗರ್ಟಿ ಬಿಟ್ಟುಕೊಟ್ಟರು. 1976ರಲ್ಲಿ ಫ್ಯಾಂಟಸಿ ‘ಕ್ರಾನಿಕಲ್’ ಎಂಬ 20 ಹಾಡುಗಳ ಸಂಗ್ರಹ ತಂದಿತು. ಅದು ಇವತ್ತಿಗೂ ಮಾರಾಟವಾಗುತ್ತಿದೆ. ಜೇಂಟ್ಸ್ ಅಷ್ಟರಲ್ಲಿ ಚಲನಚಿತ್ರ ನಿರ್ಮಾಣಕ್ಕೆ ಇಳಿದಿದ್ದರು. 1975, 1984 ಮತ್ತು 1996ರ ಅವರ ಮೂರು ಚಿತ್ರಗಳು ಅತ್ಯುತ್ತಮ ಚಿತ್ರದ ಆಸ್ಕರ್ ಗೆದ್ದವು. ಅವರ ಅಭಿರುಚಿ ದೊಡ್ಡದೇ ಆಗಿತ್ತು. ಆ ಏಳಿಗೆಗೆ ಅಡಿಪಾಯ ಹಾಕಿಕೊಟ್ಟದ್ದು ಈ ನಾಲ್ವರು ಹುಡುಗರ ಹಾಡುಗಳು ಎಂಬುದನ್ನೂ ಅದರ ಜೊತೆಗೇ ಹೇಳಬೇಕು.

ಫೊಗರ್ಟಿ ತಮ್ಮ ಹಳೆಯ ಹಾಡುಗಳನ್ನು ವೇದಿಕೆಯಲ್ಲಿ ಹಾಡುವುದನ್ನೇ ಬಿಟ್ಟರು. ಹಾಡಿದರೆ ಜೇಂಟ್ಸ್‌ಗೆ ಲಾಭ ಎಂಬ ಸಂಕಟ. 1985ರಲ್ಲಿ ವಾರ್ನರ್ ಕಂಪನಿಯಿಂದ ಬಂದ ಅವರ ‘ಸೆಂಟರ್‌ಫೀಲ್ಡ್’ ಆಲ್ಬಂ ಪಟ್ಟಿಯ ಮೊದಲ ಸ್ಥಾನಕ್ಕೇರಿತು. ಅದರ ಕೊನೆಯ ಹಾಡಿನಲ್ಲಿ ಕುಣಿಯಲು ಬಾರದ, ಆದರೆ ಜೇಬಿನಿಂದ ಹಣ ಕದಿಯುವ ಒಂದು ಹಂದಿ ಇತ್ತು. ಅದರ ಹೆಸರು ‘ಜಾಂಜ್’. ಜೇಂಟ್ಸ್ 14.4 ಕೋಟಿ ಡಾಲರ್‌ಗೆ ಮಾನನಷ್ಟ ಮೊಕದ್ದಮೆ ಹೂಡಿದರು. ಹೆಸರಿನ ಮೊದಲ ಅಕ್ಷರ ಬದಲಾಗಿ ಹಂದಿ ‘ವಾಂಜ್’ ಆಯಿತು, ಮೊಕದ್ದಮೆ ರಾಜಿಯಲ್ಲಿ ಮುಗಿಯಿತು.

ಇನ್ನೊಂದು ಮೊಕದ್ದಮೆ ಅಷ್ಟು ಸುಲಭವಾಗಿ ಮುಗಿಯಲಿಲ್ಲ. ಅದೇ ಆಲ್ಬಂನ ‘ದಿ ಓಲ್ಡ್ ಮ್ಯಾನ್ ಡೌನ್ ದ ರೋಡ್’ ಹಾಡು 1970ರ ‘ರನ್ ಥ್ರೂ ದ ಜಂಗಲ್’ ಹಾಡಿನ ನಕಲು ಎಂದು ಫ್ಯಾಂಟಸಿ ದೂರಿತು. ಎರಡನ್ನೂ ಬರೆದವರು ಜಾನ್ ಫೊಗರ್ಟಿ. ಹಳೆಯದರ ಹಕ್ಕು ಫ್ಯಾಂಟಸಿಯದು, ಹೊಸದರ ಹಕ್ಕು ಅಲ್ಲ. ಹೀಗೆ ಒಬ್ಬ ಕವಿ ತನ್ನ ದನಿಯನ್ನು ತಾನೇ ಕದ್ದ ಆರೋಪ ಹೊತ್ತು ನ್ಯಾಯಾಲಯದಲ್ಲಿ ನಿಲ್ಲಬೇಕಾಯಿತು. 1988ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ವಿಚಾರಣೆ ನಡೆಯಿತು. ಫೊಗರ್ಟಿ ಗಿಟಾರ್ ಹಿಡಿದೇ ಸಾಕ್ಷಿಕಟ್ಟೆ ಹತ್ತಿದರು. ತೀರ್ಪುಗಾರರ ಮುಂದೆ ಎರಡೂ ಹಾಡುಗಳನ್ನು ನುಡಿಸಿ, ತಮ್ಮ ಶೈಲಿ ಯಾವುದು, ಹಾಡು ಯಾವುದು ಎಂದು ಬಿಡಿಸಿ ತೋರಿಸಿದರು. ಒಬ್ಬನ ಕೈಬರಹ ಅವನ ಎಲ್ಲ ಪತ್ರಗಳಲ್ಲೂ ಒಂದೇ ತೆರನಾಗಿರುತ್ತದೆ, ಹಾಗೆಂದು ಪತ್ರಗಳೆಲ್ಲ ಒಂದೇ ಆಗುವುದಿಲ್ಲವಲ್ಲ. ತೀರ್ಪುಗಾರರು ಫೊಗರ್ಟಿಯವರ ಪರ ನಿಂತರು.

ಗೆದ್ದರೂ ವಕೀಲರ ಖರ್ಚು ಹತ್ತು ಲಕ್ಷ ಡಾಲರ್ ದಾಟಿತ್ತು. ಆ ಭಾಗದ ನ್ಯಾಯಾಲಯಗಳಲ್ಲಿದ್ದ ಪದ್ಧತಿಯಂತೆ, ಕೃತಿಸ್ವಾಮ್ಯದ ದಾವೆ ಹೂಡಿದವರು ಗೆದ್ದರೆ ಸಾಮಾನ್ಯವಾಗಿ ಖರ್ಚು ಸಿಗುತ್ತಿತ್ತು. ದಾವೆ ಎದುರಿಸಿದವರು ಗೆದ್ದರೆ, ಆ ದಾವೆ ಹುರುಳಿಲ್ಲದ್ದು ಅಥವಾ ದುರುದ್ದೇಶದ್ದು ಎಂದು ತೋರಿಸಿಕೊಡಬೇಕಿತ್ತು. ಫೊಗರ್ಟಿ ಈ ತಾರತಮ್ಯವನ್ನು ಅಮೆರಿಕದ ಸುಪ್ರೀಂ ಕೋರ್ಟ್‌ವರೆಗೆ ಒಯ್ದರು. 1994ರ ಮಾರ್ಚ್ 1ರಂದು ನ್ಯಾಯಮೂರ್ತಿಗಳೆಲ್ಲ ಒಮ್ಮತದಿಂದ, ಎರಡೂ ಕಡೆಯವರಿಗೆ ಒಂದೇ ಅಳತೆಗೋಲು ಇರಬೇಕೆಂದು ತೀರ್ಪಿತ್ತರು. ಕೊನೆಗೆ ಸುಮಾರು 13.5 ಲಕ್ಷ ಡಾಲರ್ ಫೊಗರ್ಟಿಯವರಿಗೆ ಸಂದಿತು. ಸಂಗೀತವನ್ನೇ ಕೇಳದ ವಕೀಲರಿಗೂ ಅಲ್ಲಿ ಫೊಗರ್ಟಿ ಹೆಸರು ಗೊತ್ತಿರುವುದು ಈ ತೀರ್ಪಿನಿಂದ.

ಅಷ್ಟರಲ್ಲಿ ಅವರ ಮೌನ ಮುರಿದಿತ್ತು. 1987ರ ಫೆಬ್ರುವರಿಯ ಒಂದು ರಾತ್ರಿ ಲಾಸ್ ಏಂಜಲೀಸ್‌ನ ಪಾಲಮಿನೊ ಕ್ಲಬ್ಬಿನಲ್ಲಿ ಜಾರ್ಜ್ ಹ್ಯಾರಿಸನ್, ಬಾಬ್ ಡಿಲನ್, ತಾಜ್ ಮಹಲ್ ಎಂಬ ಹೆಸರಿನ ಗಾಯಕ ಮತ್ತು ಫೊಗರ್ಟಿ ಒಟ್ಟಿಗೆ ವೇದಿಕೆ ಹತ್ತಿದರು. ‘ಪ್ರೌಡ್ ಮೇರಿ’ಯನ್ನು ನೀನೇ ಹಾಡು, ಇಲ್ಲದಿದ್ದರೆ ಅದು ಗಾಯಕಿ ಟೀನಾ ಟರ್ನರ್ ಅವರದೆಂದು ಜಗತ್ತು ತಿಳಿಯುತ್ತದೆ ಎಂದು ಡಿಲನ್ ಹೇಳಿದರಂತೆ. ಫೊಗರ್ಟಿ ಹಾಡಿದರು. ಅದೇ ವರ್ಷದ ಜುಲೈ 4ರಂದು ವಿಯೆಟ್ನಾಂನಿಂದ ಮರಳಿದ ಯೋಧರಿಗಾಗಿ ನಡೆದ ಕಾರ್ಯಕ್ರಮದಲ್ಲಿ ಹಳೆಯ ಹಾಡುಗಳನ್ನು ಮತ್ತೆ ಹಾಡಿದರು.

2004ರಲ್ಲಿ ಕಾನ್‌ಕಾರ್ಡ್ ಸಂಸ್ಥೆ ಫ್ಯಾಂಟಸಿಯನ್ನು ಕೊಂಡಿತು, ಜೇಂಟ್ಸ್ ಹೊರಹೋದರು. ಫೊಗರ್ಟಿ ಬಿಟ್ಟುಕೊಟ್ಟಿದ್ದ ರಾಯಲ್ಟಿಯನ್ನು ಹೊಸ ಮಾಲೀಕರು ಅವರಿಗೆ ಮತ್ತೆ ಕೊಡಲು ಒಪ್ಪಿದರು. ಯಾವ ಹೆಸರು ಕೇಳಿದರೆ ಸಿಡಿಯುತ್ತಿದ್ದರೋ ಅದೇ ಕಂಪನಿಯ ಜೊತೆ ಅವರು ಮತ್ತೆ ಸಹಿ ಹಾಕಿದರು. ಆ ಸಹಿಯ ಮೊದಲ ಫಲ ‘ದ ಲಾಂಗ್ ರೋಡ್ ಹೋಮ್’. ಕೃತಿಚೌರ್ಯದ ಆರೋಪ ಹೊತ್ತಿದ್ದ ‘ದಿ ಓಲ್ಡ್ ಮ್ಯಾನ್’ ಹಾಡು, ಆರೋಪ ಮಾಡಿದ್ದ ಕಂಪನಿಯ ಮುದ್ರೆ ಹೊತ್ತೇ ಅದರಲ್ಲಿ ಹೊರಬಂತು. ಹಳೆಯ ಹಾಡಿನ ಪಕ್ಕದಲ್ಲಿ ದಶಕಗಳ ನಂತರದ ಹಾಡು ಬಂದಾಗಲೂ ಆ ಗಂಟಲು ಅದೇ ಎಂದು ಒಂದು ಸಾಲಿನೊಳಗೆ ಗೊತ್ತಾಗುತ್ತದೆ. ನ್ಯಾಯಾಲಯದಲ್ಲಿ ಗಿಟಾರ್ ಹಿಡಿದು ಅವರು ವಾದಿಸಿದ್ದೂ ಇದನ್ನೇ.

2023ರ ಜನವರಿಯಲ್ಲಿ ಕ್ರೀಡೆನ್ಸ್ ಹಾಡುಗಳ ಪ್ರಕಾಶನ ಹಕ್ಕಿನ ಬಹುಪಾಲನ್ನು ಫೊಗರ್ಟಿ ಕಾನ್‌ಕಾರ್ಡ್‌ನಿಂದ ಕೊಂಡುಕೊಂಡರು. ಆಗ ಅವರಿಗೆ 77 ವರ್ಷ. 2025ರಲ್ಲಿ, 80 ತುಂಬಿದ ಮೇಲೆ, ಮಕ್ಕಳ ಜೊತೆ ಕುಳಿತು ಹೊಸದಾಗಿ ಮುದ್ರಿಸಿದ ಕ್ರೀಡೆನ್ಸ್‌ನ 20 ಹಾಡುಗಳ ಆಲ್ಬಂ ಹೊರತಂದರು.

ಉಳಿದವರ ಮಾತನ್ನೂ ಹೇಳಬೇಕು. 1993ರಲ್ಲಿ ತಂಡಕ್ಕೆ ರಾಕ್ ಸಂಗೀತದ ದೊಡ್ಡ ಗೌರವ ಸಂದಾಗ ಕುಕ್ ಮತ್ತು ಕ್ಲಿಫರ್ಡ್ ಜೊತೆ ನುಡಿಸಲು ಫೊಗರ್ಟಿ ಒಪ್ಪಲಿಲ್ಲ. ಬೇರೆ ಕಲಾವಿದರೊಂದಿಗೆ ಹಾಡಿದರು. ಅದು ನನಗೆ ಸರಿ ಕಾಣುವುದಿಲ್ಲ. ಅವರಿಬ್ಬರು 1995ರಲ್ಲಿ ‘ಕ್ರೀಡೆನ್ಸ್ ಕ್ಲಿಯರ್‌ವಾಟರ್ ರಿವಿಸಿಟೆಡ್’ ಎಂಬ ಹೆಸರಿನಲ್ಲಿ ಪ್ರವಾಸ ಹೊರಟರು, ಅದೂ ಕೋರ್ಟಿನ ಜಗಳವಾಯಿತು. ಕಂಪನಿಯ ವಿಷಯದಲ್ಲಿ ಜೇಂಟ್ಸ್ ಪರ ವಹಿಸಿದ್ದ ಟಾಮ್, ತಮ್ಮನೊಂದಿಗೆ ಮನಸ್ಸು ಕೂಡದೆಯೇ 1990ರ ಸೆಪ್ಟೆಂಬರ್‌ನಲ್ಲಿ ತೀರಿಕೊಂಡರು. 2005ರ ಹೊದಿಕೆಯ ಮೇಲೆ ಅವರ ಹೆಸರಿಗೆ ಜಾಗವಿಲ್ಲ. ಆದರೆ ‘ಬ್ಯಾಡ್ ಮೂನ್ ರೈಸಿಂಗ್’ ಹಾಕಿ, ತಮ್ಮನ ದನಿಯನ್ನು ಸ್ವಲ್ಪ ಹೊತ್ತು ಪಕ್ಕಕ್ಕಿಟ್ಟು ಹಿಂದಿನದಕ್ಕೆ ಕಿವಿಗೊಟ್ಟರೆ, ಮೊದಲಿನಿಂದ ಕೊನೆಯವರೆಗೂ ಲಯ ಹಿಡಿದು ನಡೆಸುವ ಒಂದು ಗಿಟಾರ್ ಕೇಳುತ್ತದೆ. ಅದು ಅಣ್ಣನದು.