ಮಗುವಿನ ಕಿಡ್ನಿ ಹಾದು ಬರುವ ಮದ್ದು

ನೀರು ಒಡೆದು ತುಂಬಾ ಹೊತ್ತಾದರೂ ಹೆರಿಗೆ ಆಗದಿದ್ದರೆ ಡಾಕ್ಟರು ತಾಯಿಗೆ ಆಂಪಿಸಿಲಿನ್‌ನಂಥ ಆ್ಯಂಟಿಬಯಾಟಿಕ್ ಕೊಡುವುದುಂಟು. ಸೂಜಿ ಚುಚ್ಚುವುದು ಅಮ್ಮನ ಕೈಗೆ. ಮಗುವಿನ ಸುತ್ತಲಿನ ನೀರಿಗೆ ಅದು ಹೋಗುವುದಾದರೂ ಹೇಗೆ? ಗರ್ಭಕೋಶದ ಗೋಡೆಯಿಂದ ಸುಮ್ನೆ ಒಸರುತ್ತದೆ ಅಂತ ನಾನೂ ಅಂದುಕೊಂಡಿದ್ದೆ. ಹಾಗಲ್ಲ. ಅದನ್ನು ನೀರಿಗೆ ಸೇರಿಸುವ ಕೆಲಸ ಬಹುಪಾಲು ಮಗುವಿನದೇ.

ಮಾಸಿನಲ್ಲಿ (ಪ್ಲಾಸೆಂಟಾ) ಅಮ್ಮನ ರಕ್ತ ಮತ್ತು ಮಗುವಿನ ರಕ್ತ ಬೆರೆಯುವುದಿಲ್ಲ. ನಡುವೆ ತೆಳ್ಳನೆಯ ಪೊರೆ ಇದೆ. ಆಂಪಿಸಿಲಿನ್ ಪುಟ್ಟ ಅಣು, ತೂಕ ಸುಮಾರು 350 ಡಾಲ್ಟನ್ (ಅಣುವಿನ ತೂಕದ ಅಳತೆ). ಅದು ಜಾಸ್ತಿ ಇರುವ ಕಡೆಯಿಂದ ಕಡಿಮೆ ಇರುವ ಕಡೆಗೆ ಪೊರೆ ದಾಟಿ, ಹೊಕ್ಕುಳಬಳ್ಳಿ ಹಿಡಿದು ಮಗುವಿನ ರಕ್ತ ಸೇರುತ್ತದೆ. ಇದೆಲ್ಲ ಬೇಗ ಆಗುತ್ತದೆ. ಆದರೆ ಆ ಹೊತ್ತಿಗೆ ನೀರಿನಲ್ಲಿ ಮದ್ದು ಅಷ್ಟಾಗಿ ಇರುವುದಿಲ್ಲ.

ಆಮೇಲೆ ಮಗುವಿನ ಕಿಡ್ನಿ ಕೆಲಸ ಶುರು. ಅದು ಮದ್ದನ್ನು ಸೋಸಿ ಮೂತ್ರಕ್ಕೆ ಬಿಡುತ್ತದೆ. ಕೊನೆಯ ತಿಂಗಳುಗಳಲ್ಲಿ ಮಗು ದಿನಕ್ಕೆ ಅರ್ಧ ಲೀಟರಿಗೂ ಹೆಚ್ಚು ಮೂತ್ರ ಮಾಡುತ್ತದೆ. ಸ್ಕ್ಯಾನಿಂಗಿನಲ್ಲಿ 'ನೀರು ಚೆನ್ನಾಗಿದೆ' ಅನ್ನುತ್ತಾರಲ್ಲ, ಆ ನೀರಿನ ಬಹುಪಾಲು ಇದೇ! ಹೀಗೆ ಕೆಲವು ಗಂಟೆಗಳಲ್ಲಿ ನೀರಿನಲ್ಲಿ ಮದ್ದು ಏರುತ್ತಾ ಹೋಗುತ್ತದೆ. ಮಗು ಅದೇ ನೀರನ್ನು ಮತ್ತೆ ಕುಡಿಯುತ್ತದೆ, ಮತ್ತೆ ಸೋಸುತ್ತದೆ. ಅದಕ್ಕೇ ಅಮ್ಮನ ರಕ್ತದಲ್ಲಿ ಮದ್ದು ಖಾಲಿಯಾಗುತ್ತಾ ಬಂದರೂ ನೀರಿನಲ್ಲಿ ಇನ್ನೂ ಉಳಿದಿರುತ್ತದೆ.

ಇದು ಖಚಿತವಾದ ಒಂದು ಬಗೆ ನೆನೆದರೆ ಮನಸ್ಸು ಭಾರವಾಗುತ್ತದೆ. ಮಗು ಹೊಟ್ಟೆಯಲ್ಲೇ ತೀರಿಕೊಂಡಿದ್ದಾಗ, ತಾಯಿಗೆ ಆಂಪಿಸಿಲಿನ್ ಕೊಟ್ಟರೂ ನೀರಿನಲ್ಲಿ ಅದು ಹೆಚ್ಚುಕಡಿಮೆ ಸಿಗಲೇ ಇಲ್ಲ.

ಬಸುರಿಯ ಕಿಡ್ನಿಯೂ ಸುಮಾರು ಅರ್ಧಪಟ್ಟು ಹೆಚ್ಚು ಸೋಸುತ್ತದೆ. ಮದ್ದು ಬೇಗ ಹೊರಗೆ ಹೋಗುತ್ತದೆ. ಹಾಗಾಗಿ ಹೆರಿಗೆ ಕೋಣೆಯಲ್ಲಿ ಕೆಲವು ಗಂಟೆಗಳಿಗೊಮ್ಮೆ ಮತ್ತೆ ಡೋಸ್ ಕೊಡಬೇಕಾಗುತ್ತದೆ. ಗ್ರೂಪ್ ಬಿ ಸ್ಟ್ರೆಪ್ಟೋಕಾಕಸ್ ಎಂಬ ಬ್ಯಾಕ್ಟೀರಿಯಾ ಇರುವ ತಾಯಿಗೆ ಹೆರಿಗೆಗೆ ಕನಿಷ್ಠ 4 ಗಂಟೆ ಮೊದಲೇ ಆಂಪಿಸಿಲಿನ್ ಬಳಗದ್ದೇ ಆದ ಪೆನಿಸಿಲಿನ್ ಶುರು ಮಾಡಲು ನೋಡುತ್ತಾರೆ.

ಎಲ್ಲ ಮದ್ದೂ ಹೀಗೆ ದಾಟುವುದಿಲ್ಲ. ಎರಿಥ್ರೋಮೈಸಿನ್ ಎಂಬ ಇನ್ನೊಂದು ಆ್ಯಂಟಿಬಯಾಟಿಕ್ ಮಗುವಿನವರೆಗೆ ಹೋಗುವುದು ತೀರಾ ಸ್ವಲ್ಪ. ಸಿಫಿಲಿಸ್ ಎಂಬ ಲೈಂಗಿಕ ರೋಗ ಇರುವ ಬಸುರಿಗೆ ಅದನ್ನು ಕೊಟ್ಟರೆ ಮಗುವಿಗೆ ಸೋಂಕು ಉಳಿದುಬಿಡಬಹುದು. ಅದಕ್ಕೇ ಆಕೆಗೆ ಪೆನಿಸಿಲಿನ್ ಅಲರ್ಜಿ ಇದ್ದರೂ ಮದ್ದು ಬದಲಿಸುವುದಿಲ್ಲ. ಆಸ್ಪತ್ರೆಯಲ್ಲೇ ಇರಿಸಿಕೊಂಡು, ಮೊದಲು ಕಣದಷ್ಟು, ಆಮೇಲೆ ಇನ್ನಷ್ಟು ಎಂದು ಗಂಟೆಗಟ್ಟಲೆ ಕೊಡುತ್ತಾ ಮೈಗೆ ಒಗ್ಗಿಸುತ್ತಾರೆ. ಆಮೇಲೆ ಪೂರ್ತಿ ಡೋಸ್ ಪೆನಿಸಿಲಿನ್ನೇ ಕೊಡುತ್ತಾರೆ.