ಸೂಪರ್ ಬೌಲ್ ಟ್ರಿಪ್ ಬಂತೆ? ಸಹಿ ಹಾಕುವ ಮೊದಲು ತೆರಿಗೆ ಲೆಕ್ಕ ನೋಡಿ

ಅಮೆರಿಕದಲ್ಲಿ ಸೆಪ್ಟೆಂಬರ್ ಬಂತೆಂದರೆ ಚಿಪ್ಸ್ ಪ್ಯಾಕೆಟ್, ಸೋಡಾ ಬಾಟಲಿ, ಕ್ರೆಡಿಟ್ ಕಾರ್ಡ್ ಆ್ಯಪ್ ಎಲ್ಲದರಲ್ಲೂ ಅಮೆರಿಕನ್ ಫುಟ್‌ಬಾಲ್‌ನ ಅಂತಿಮ ಪಂದ್ಯವಾದ ಸೂಪರ್ ಬೌಲ್‌ಗೆ ಟ್ರಿಪ್ ಕೊಡುವ ಸ್ವೀಪ್‌ಸ್ಟೇಕ್ಸ್ (ಅದೃಷ್ಟದ ಡ್ರಾ) ಶುರುವಾಗುತ್ತದೆ. ಮುಂದಿನ ಪಂದ್ಯ 2027ರ ಫೆಬ್ರವರಿ 14ರಂದು, ಲಾಸ್ ಏಂಜಲಿಸ್ ಪಕ್ಕದ ಇಂಗಲ್‌ವುಡ್‌ನ ಸೋಫೈ ಸ್ಟೇಡಿಯಂನಲ್ಲಿ. ಇಂಥ ಡ್ರಾಗೆ ಹೆಸರು ಕೊಡುವ ಕನ್ನಡಿಗರು ಇಲ್ಲಿ ಸಾಕಷ್ಟಿದ್ದಾರೆ. ಗೆದ್ದ ಮೇಲಿನ ಒಂದು ವಾರದಲ್ಲಿ ಏನೇನು ಮಾಡಬೇಕೆಂಬುದು ಮಾತ್ರ ಅವರಲ್ಲಿ ಬಹುಪಾಲು ಮಂದಿಗೆ ಗೊತ್ತಿರುವುದಿಲ್ಲ. ಬಹುಮಾನ ಕೈತಪ್ಪುವುದೂ ತೆರಿಗೆಯ ಪೆಟ್ಟು ಬೀಳುವುದೂ ಆ ಒಂದು ವಾರದಲ್ಲೇ.

ಮೊದಲ ಇಮೇಲ್ ಸಾಮಾನ್ಯವಾಗಿ ಕಂಪನಿಯಿಂದ ಬರುವುದಿಲ್ಲ. ಸ್ಪರ್ಧೆ ನಡೆಸಿಕೊಡುವ ಏಜೆನ್ಸಿಯಿಂದ ಬರುತ್ತದೆ, ಎಷ್ಟೋ ಸಲ ನೇರವಾಗಿ ಸ್ಪ್ಯಾಮ್ ಫೋಲ್ಡರ್‌ಗೆ ಹೋಗಿ ಬೀಳುತ್ತದೆ. ಉತ್ತರ ಕೊಡಲು ಕೆಲವೇ ದಿನಗಳ ಗಡುವು, ಕೆಲವು ಕಡೆ 48 ಗಂಟೆ ಮಾತ್ರ. ಗಡುವು ಮೀರಿದರೆ ಇನ್ನೊಂದು ಹೆಸರು ಎತ್ತುತ್ತಾರೆ, ಅಲ್ಲಿಗೆ ಮುಗಿಯಿತು. ಹಾಗಾಗಿ ಹೆಸರು ಕೊಟ್ಟ ದಿನವೇ ಅಧಿಕೃತ ನಿಯಮಗಳ ಪ್ರತಿಯನ್ನು ಪಿಡಿಎಫ್ ಮಾಡಿಟ್ಟುಕೊಳ್ಳಿ. ಡ್ರಾ ದಿನಾಂಕ, ಏಜೆನ್ಸಿಯ ಹೆಸರು, ಬಹುಮಾನದ ಅಂದಾಜು ಚಿಲ್ಲರೆ ಬೆಲೆ ಮೂರೂ ಅದರಲ್ಲಿರುತ್ತವೆ.

ಅರ್ಹತೆಯ ಸಾಲನ್ನು ಎರಡು ಸಲ ಓದಬೇಕು. ‘50 ರಾಜ್ಯಗಳ ಕಾನೂನುಬದ್ಧ ನಿವಾಸಿಗಳು’ ಎಂದಿದ್ದರೆ ಎಚ್-1ಬಿ ಉದ್ಯೋಗ ವೀಸಾದಲ್ಲಿರುವವರು ಸಾಮಾನ್ಯವಾಗಿ ಅದರೊಳಗೆ ಬರುತ್ತಾರೆ. ‘ನಾಗರಿಕರು ಅಥವಾ ಗ್ರೀನ್ ಕಾರ್ಡ್ ಇರುವವರು’ ಎಂದಿದ್ದರೆ ಬರುವುದಿಲ್ಲ. ಗೊಂದಲವಿದ್ದರೆ ಏಜೆನ್ಸಿಗೆ ಬರೆದು ಕೇಳಿ, ಉತ್ತರವನ್ನು ತೆಗೆದಿಡಿ. ಅರ್ಹತೆಯ ಅಫಿಡವಿಟ್‌ಗೆ (ಪ್ರಮಾಣಪತ್ರಕ್ಕೆ) ನೀವು ಸಹಿ ಹಾಕಬೇಕಾಗುತ್ತದೆ, ಹಲವೊಮ್ಮೆ ನೋಟರಿಯ ಮುಂದೆ. ಅದರಲ್ಲಿ ತಪ್ಪು ಮಾಹಿತಿ ಕೊಡುವುದು ವೀಸಾದಲ್ಲಿರುವವರಿಗೆ ಸಲ್ಲದ ಅಪಾಯ.

ಅಫಿಡವಿಟ್ ಜೊತೆಗೆ ಹೊಣೆ ಬಿಡುಗಡೆ ಪತ್ರ, ಜೊತೆಗೆ ಬರುವವರದ್ದೂ ಅಂಥದೇ ಒಂದು ಪತ್ರ, ಮತ್ತು ತೆರಿಗೆ ಫಾರ್ಮ್ ಬರುತ್ತವೆ. ಈ ಫಾರ್ಮ್‌ನಲ್ಲಿ ನಮ್ಮವರು ಎಡವುವುದು ಹೆಚ್ಚು. ಎಚ್-1ಬಿಯಲ್ಲಿದ್ದು ಸಬ್‌ಸ್ಟಾನ್ಷಿಯಲ್ ಪ್ರೆಸೆನ್ಸ್ ಟೆಸ್ಟ್ (ಅಮೆರಿಕದಲ್ಲಿ ಕಳೆದ ದಿನಗಳ ಲೆಕ್ಕ) ಪೂರೈಸಿದವರು ತೆರಿಗೆ ಲೆಕ್ಕದಲ್ಲಿ ನಿವಾಸಿಗಳು, ಅವರು ಕೊಡಬೇಕಾದದ್ದು ಡಬ್ಲ್ಯು-9 ಫಾರ್ಮ್. ಎಫ್-1 ವೀಸಾದ ವಿದ್ಯಾರ್ಥಿಗಳು, ಓದಿನ ನಂತರದ ಕೆಲಸದ ಅನುಮತಿಯಾದ ಒಪಿಟಿಯಲ್ಲಿರುವವರೂ ಸೇರಿ, ಮೊದಲ ಐದು ಕ್ಯಾಲೆಂಡರ್ ವರ್ಷ ತೆರಿಗೆ ಲೆಕ್ಕದಲ್ಲಿ ಸಾಮಾನ್ಯವಾಗಿ ಅನಿವಾಸಿಗಳೇ. ಅವರು ಕೊಡಬೇಕಾದದ್ದು ಡಬ್ಲ್ಯು-8ಬೆನ್ ಫಾರ್ಮ್. ಆಗ ಬಹುಮಾನದ ಮೌಲ್ಯಕ್ಕೆ ನೇರ 30% ಕಡಿತ. 12,000 ಡಾಲರ್‌ನ ಟ್ರಿಪ್ ಆದರೆ 3,600 ಡಾಲರ್. ಬಹುಮಾನ ವಸ್ತುರೂಪದಲ್ಲಿರುವುದರಿಂದ ಅದರಿಂದಲೇ ಹಣ ಮುರಿದುಕೊಳ್ಳಲು ಆಗುವುದಿಲ್ಲ, ಮೊದಲೇ ಕಟ್ಟಿ ಎಂದು ಕಂಪನಿ ಕೇಳಬಹುದು. ಸಂಬಳದ ಮೇಲೆ ವಿದ್ಯಾರ್ಥಿಗೆ ಬೀಳುವ ತೆರಿಗೆ ದರಕ್ಕಿಂತ ಇದು ಬಹಳ ಹೆಚ್ಚು.

ನಿವಾಸಿಗಳ ಲೆಕ್ಕ ಹೀಗೆ. ಗಂಡ ಹೆಂಡತಿ ಸೇರಿ 2,50,000 ಡಾಲರ್ ದುಡಿಯುವ ಕ್ಯಾಲಿಫೋರ್ನಿಯಾದ ಮನೆಗೆ 12,000 ಡಾಲರ್‌ನ ಟ್ರಿಪ್ ಬಂದಿತೆನ್ನಿ. ಫೆಡರಲ್ 24% ಎಂದರೆ 2,880, ರಾಜ್ಯದ 9.3% ಎಂದರೆ 1,116, ಒಟ್ಟು 3,996 ಡಾಲರ್. ಟೆಕ್ಸಾಸ್, ವಾಷಿಂಗ್ಟನ್‌ನಲ್ಲಿ ಸಂಬಳದ ಮೇಲೆ ರಾಜ್ಯ ತೆರಿಗೆ ಇಲ್ಲ, ಅಲ್ಲಿ 2,880ಕ್ಕೇ ನಿಲ್ಲುತ್ತದೆ. ಜೊತೆಗೆ ಬರುವವರ ಟಿಕೆಟ್, ವಿಮಾನ ಎಲ್ಲದರ ತೆರಿಗೆಯೂ ಗೆದ್ದವರ ತಲೆಗೇ. ಇದು ಸಂಬಳವಲ್ಲದ್ದರಿಂದ ಸೋಷಿಯಲ್ ಸೆಕ್ಯುರಿಟಿ, ಮೆಡಿಕೇರ್ ಕಡಿತ ಇಲ್ಲ, ಅಷ್ಟೇ ಸಮಾಧಾನ.

ಬಹುಮಾನದಲ್ಲಿ ಇರುವುದು ಸಾಮಾನ್ಯವಾಗಿ ಪಂದ್ಯದ ಎರಡು ಟಿಕೆಟ್, ಎಕಾನಮಿ ವಿಮಾನ, ಇಬ್ಬರಿಗೆ ಒಂದೇ ಕೋಣೆಯಲ್ಲಿ ಮೂರು ರಾತ್ರಿ. ಊಟ, ಲಗೇಜ್ ಶುಲ್ಕ, ಹೋಟೆಲ್ ಹಿಡಿದಿಡುವ ಠೇವಣಿ ನಿಮ್ಮದೇ. ನೀವು ಸ್ಟೇಡಿಯಂ ಪಕ್ಕದ ಊರಿನವರೇ ಆಗಿದ್ದರೆ ವಿಮಾನವನ್ನು ರದ್ದುಮಾಡಿ ಕಾರು ಕಳಿಸುತ್ತಾರೆ, ಉಳಿದ ಹಣ ನಿಮಗೆ ಬರುವುದಿಲ್ಲ. ಭಾರತದಿಂದ ಬಂದಿರುವ ಅಪ್ಪ ಅಮ್ಮನಲ್ಲಿ ಒಬ್ಬರನ್ನು ಕರೆದೊಯ್ಯಲು ಹೆಚ್ಚಿನ ನಿಯಮಗಳಲ್ಲಿ ಅಡ್ಡಿಯಿಲ್ಲ, ಆದರೆ ನೀವು ಹತ್ತುವ ವಿಮಾನವನ್ನೇ ಅವರೂ ಹತ್ತಬೇಕು. 2025ರ ಮೇ 7ರಿಂದ ದೇಶದೊಳಗಿನ ವಿಮಾನಕ್ಕೆ ರಿಯಲ್ ಐಡಿ (ಫೆಡರಲ್ ಮಾನದಂಡದ ಗುರುತಿನ ಚೀಟಿ) ನಿಯಮ ಜಾರಿಯಲ್ಲಿದ್ದರೂ ಭಾರತದ ಪಾಸ್‌ಪೋರ್ಟ್ ಗುರುತಿಗೆ ನಡೆಯುತ್ತದೆ. ಸ್ಟೇಡಿಯಂಗೆ 12×6×12 ಅಂಗುಲ ಮೀರದ ಪಾರದರ್ಶಕ ಚೀಲ, ಅಂಗೈಯಷ್ಟು ಚಿಕ್ಕ ಪರ್ಸ್ ಮಾತ್ರ. ತಾಯಂದಿರ ವ್ಯಾನಿಟಿ ಬ್ಯಾಗ್ ಗೇಟಿನಲ್ಲೇ ಉಳಿಯುತ್ತದೆ.

ಮೌಲ್ಯದ ವಿಚಾರಕ್ಕೆ ಹೆಚ್ಚು ಗಮನ ಕೊಡಬೇಕು. ತೆರಿಗೆ ಬೀಳಬೇಕಾದದ್ದು ನ್ಯಾಯಯುತ ಮಾರುಕಟ್ಟೆ ಬೆಲೆಗೆ. ಕಂಪನಿ ಜಾಹೀರಾತಿನಲ್ಲಿ ಹಾಕಿದ ಅಂಕಿ ಅದೇ ಆಗಿರಬೇಕೆಂದೇನೂ ಇಲ್ಲ. 1954ರಲ್ಲಿ ಟ್ಯಾಕ್ಸ್ ಕೋರ್ಟ್ ತೀರ್ಮಾನಿಸಿದ ಟರ್ನರ್ ಪ್ರಕರಣ ಇಂದಿಗೂ ಕಾನೂನು ತರಗತಿಗಳಲ್ಲಿ ಪಾಠ. ರೇಡಿಯೊ ಕಾರ್ಯಕ್ರಮದಲ್ಲಿ ಬ್ಯೂನಸ್ ಐರಿಸ್‌ಗೆ ಎರಡು ಪ್ರಥಮ ದರ್ಜೆ ಹಡಗಿನ ಟಿಕೆಟ್ ಗೆದ್ದವರು ಅದರ ಮೌಲ್ಯ 520 ಡಾಲರ್ ಎಂದು ತೋರಿಸಿದರು. ಸರ್ಕಾರ ಪೂರ್ಣ ದರವಾದ 2,220 ಎಂದು ಪಟ್ಟುಹಿಡಿಯಿತು. ಕೋರ್ಟ್ ನಿಂತದ್ದು 1,400ಕ್ಕೆ. ಆ ಟಿಕೆಟ್ಟುಗಳಿಂದ ಗೆದ್ದವರಿಗಾದ ಪ್ರಯೋಜನ ಪೂರ್ಣ ದರದಷ್ಟಿರಲಿಲ್ಲ ಎಂಬುದು ಅದರ ನೋಟ.

ಆದ್ದರಿಂದ ವಿಮಾನ ಬುಕ್ ಆದ ದಿನವೇ ಅದೇ ವಿಮಾನದ ದರ, ಅದೇ ಹೋಟೆಲ್ಲಿನ ಅದೇ ದಿನಾಂಕಗಳ ದರ, ಪಂದ್ಯದ ಟಿಕೆಟ್ ಮೇಲಿನ ಬೆಲೆ ಮೂರರ ಸ್ಕ್ರೀನ್‌ಶಾಟ್ ತೆಗೆದಿಡಿ. ಮರುವರ್ಷದ ಜನವರಿ 31ರೊಳಗೆ ಬಹುಮಾನದ ಮೌಲ್ಯ ತಿಳಿಸುವ 1099-ಮಿಸ್ಕ್ ಫಾರ್ಮ್ ಬರುತ್ತದೆ, ಮೂರನೇ ಬಾಕ್ಸ್ ನೋಡಿ. ಅಂಕಿ ಹೆಚ್ಚೆನಿಸಿದರೆ ಮೊದಲು ಕಂಪನಿಗೆ ಬರೆದು ತಿದ್ದಿದ ಫಾರ್ಮ್ ಕೇಳಿ. ಅವರು ಒಪ್ಪದೆ ನೀವು ಕಡಿಮೆ ಮೌಲ್ಯ ತೋರಿಸುವುದಾದರೆ ವಿವರಣೆ ಮತ್ತು ದಾಖಲೆ ಜೊತೆಗಿರಲಿ. ಹಾಗೇ ಸುಮ್ಮನೆ ಕಡಿಮೆ ಬರೆದರೆ ಫೆಡರಲ್ ತೆರಿಗೆ ಇಲಾಖೆಯಾದ ಐಆರ್‌ಎಸ್‌ನ ಕಂಪ್ಯೂಟರ್ ಎರಡು ಅಂಕಿಗಳನ್ನು ತಾಳೆ ನೋಡಿ ನೋಟಿಸ್ ಕಳಿಸುತ್ತದೆ. ರಿಟರ್ನ್‌ನಲ್ಲಿ ಇದನ್ನು ತೋರಿಸುವುದು ಶೆಡ್ಯೂಲ್ 1ರ 8ಐ ಸಾಲಿನಲ್ಲಿ. ಫಾರ್ಮ್ ಕಳಿಸಬೇಕಾದ ಮಿತಿ 2026ರಿಂದ 600 ಡಾಲರ್‌ನಿಂದ 2,000ಕ್ಕೆ ಏರಿದೆ. ಫಾರ್ಮ್ ಬರದಿದ್ದರೂ ಆದಾಯ ತೋರಿಸಲೇಬೇಕು.

ತೆರಿಗೆಯನ್ನು ರಿಟರ್ನ್ ಸಲ್ಲಿಸುವ ಏಪ್ರಿಲ್‌ವರೆಗೆ ಇಟ್ಟುಕೊಂಡು ಕೂರುವ ಬದಲು ಆಫೀಸಿನಲ್ಲಿ ಸಂಬಳದ ತೆರಿಗೆ ಕಡಿತದ ಫಾರ್ಮ್ ಆದ ಡಬ್ಲ್ಯು-4 ಬದಲಿಸಿ 4(ಸಿ) ಸಾಲಿನಲ್ಲಿ ಹೆಚ್ಚುವರಿ ಕಡಿತ ಬರೆಸುವುದು ಒಳ್ಳೆಯದು. 2,880 ಡಾಲರ್ ಅನ್ನು ಉಳಿದ 20 ಪೇಚೆಕ್‌ಗಳಿಗೆ ಹಂಚಿದರೆ ತಲಾ 144 ಡಾಲರ್. ಸಂಬಳದಿಂದ ಕಡಿತವಾದದ್ದನ್ನು ವರ್ಷವಿಡೀ ಸಮನಾಗಿ ಕಟ್ಟಿದಂತೆ ಎಣಿಸುತ್ತಾರೆ, ಹಾಗಾಗಿ ದಂಡದ ಭಯವೂ ಕಡಿಮೆ.

ಲೆಕ್ಕ ಹಾಕಿದ ಮೇಲೆ ಬೇಡವೆನಿಸಿದರೆ? ಬೇಡ ಎನ್ನಬಹುದು. ಸ್ಪರ್ಧೆಯಲ್ಲಿ ಗೆದ್ದ ಪ್ರವಾಸವನ್ನು ಪಡೆಯದೆ ನಿರಾಕರಿಸಿದವರಿಗೆ ಅದರ ಮೌಲ್ಯ ಆದಾಯವಲ್ಲ ಎಂದು ಐಆರ್‌ಎಸ್ 57-374ನೇ ರೂಲಿಂಗ್‌ನಲ್ಲೇ ಹೇಳಿದೆ. ಆದರೆ ನಿರಾಕರಣೆ ಟಿಕೆಟ್ ಬುಕ್ ಆಗುವ ಮೊದಲೇ, ಬರಹದಲ್ಲೇ ಆಗಬೇಕು. ಸ್ವೀಕರಿಸಿ ಆಮೇಲೆ ಗೆಳೆಯನಿಗೆ ಕೊಡುತ್ತೇನೆಂದರೆ ನಿಯಮ ಒಪ್ಪುವುದಿಲ್ಲ, ಒಪ್ಪಿದರೂ ತೆರಿಗೆ ನಿಮ್ಮದೇ.

ಕರೆ ಮಾಡಿದವರು ತೆರಿಗೆಯನ್ನೋ ‘ಪ್ರೊಸೆಸಿಂಗ್ ಫೀ’ಯನ್ನೋ ಗಿಫ್ಟ್ ಕಾರ್ಡ್‌ನಲ್ಲಿ, ವೈರ್ ಮೂಲಕ ಕೇಳಿದರೆ ಅದು ಮೋಸ. ನಿವಾಸಿಗಳು ತೆರಿಗೆ ಕಟ್ಟುವುದು ನೇರವಾಗಿ ಐಆರ್‌ಎಸ್‌ಗೆ ಮತ್ತು ರಾಜ್ಯಕ್ಕೆ. ಇಂಥ ಕರೆಗಳು ಊರಲ್ಲಿರುವ ಅಪ್ಪ ಅಮ್ಮನಿಗೂ ಬರುತ್ತವೆ, ಅವರಿಗೆ ಇನ್ನೊಂದು ವಿಷಯ ತಿಳಿಸಿರಿ. ಸ್ವೀಪ್‌ಸ್ಟೇಕ್ಸ್‌ನಲ್ಲಿ ಪಾಲ್ಗೊಳ್ಳಲು ಭಾರತದಿಂದ ವಿದೇಶಕ್ಕೆ ಹಣ ಕಳಿಸುವುದನ್ನು ಭಾರತದ ವಿದೇಶಿ ವಿನಿಮಯ ಕಾಯ್ದೆಯಾದ ಫೆಮಾದ ನಿಯಮಗಳೇ ನಿಷೇಧಿಸಿವೆ. ಯಾರೇ ಕೇಳಿದರೂ ಬ್ಯಾಂಕಿಗೆ ಹೋಗುವ ಮೊದಲು ನಿಮಗೆ ಒಂದು ಫೋನ್ ಮಾಡಲಿ.