ಸೋಡಿಯಂ ಇಳಿದಾಗ ದೊಡ್ಡಮ್ಮ ನನ್ನ ಹೆಸರನ್ನೇ ಮರೆತರು

ಉಡುಪಿಯ ಮೇ ತಿಂಗಳ ಸೆಕೆ ನಿಮಗೆ ಗೊತ್ತೇ ಇದೆ. ಅಂಥದ್ದೊಂದು ಮಧ್ಯಾಹ್ನ ನಮ್ಮ ದೊಡ್ಡಮ್ಮ ಗಂಜಿ ಬಟ್ಟಲಿನ ಮುಂದೆ ಕೂತು, ಚಮಚ ಕೈಯಲ್ಲಿ ಹಿಡಿದುಕೊಂಡು, ಅದರಲ್ಲಿ ಏನು ಮಾಡಬೇಕು ಅಂತಲೇ ತಿಳಿಯದವರ ಹಾಗೆ ನೋಡುತ್ತಿದ್ದರು. ನನ್ನನ್ನು ಅಪ್ಪನ ಹೆಸರಿನಿಂದ ಕರೆದರು. ಎರಡು ದಿನದಿಂದ ತಲೆನೋವು, ವಾಕರಿಕೆ, ನಡೆಯುವಾಗ ತೂರಾಟ ಇತ್ತು. "ಎಪ್ಪತ್ತೆಂಟು ಆಯ್ತಲ್ಲ ಮಾರಾಯ, ಪ್ರಾಯದ ಮರೆವು" ಅಂತ ಮನೆಯವರೆಲ್ಲ ಸುಮ್ಮನಿದ್ದೆವು. ರಕ್ತ ಪರೀಕ್ಷೆಯಲ್ಲಿ ಸೋಡಿಯಂ, ಅಂದರೆ ಉಪ್ಪಿನಲ್ಲಿರುವ ಅಂಶ, 116 ಬಂತು. ಇರಬೇಕಾದದ್ದು ಲೀಟರಿಗೆ 135ರಿಂದ 145 ಮಿಲಿಮೋಲ್.

"ಊಟದಲ್ಲಿ ಉಪ್ಪು ಕಮ್ಮಿಯಾಯ್ತಾ?" ಅಂತ ಅತ್ತಿಗೆ ಕೇಳಿದರು. ಹೆಚ್ಚಿನ ಸಲ ಹಾಗಲ್ಲ. ಮೈಯಲ್ಲಿರುವ ಸೋಡಿಯಂಗೆ ನೀರು ಜಾಸ್ತಿ ಆಗಿರುತ್ತದೆ, ಸಾರಿಗೆ ನೀರು ಹೊಯ್ದ ಹಾಗೆ. ಆಗ ಆ ನೀರು ಜೀವಕೋಶಗಳ ಒಳಗೆ ಇಳಿದು ಅವು ಊದಿಕೊಳ್ಳುತ್ತವೆ. ಕೈಕಾಲು ಊದಿದರೆ ಜಾಗವಿದೆ, ಬುರುಡೆಯೊಳಗೆ ಮಿದುಳಿಗೆ ಎಲ್ಲಿದೆ? ಅದಕ್ಕೇ ಗೊಂದಲ, ಮಂಪರು, ತೀರಾ ಇಳಿದರೆ ಫಿಟ್ಸ್. ಹಿರಿಯರಿಗೆ ಇದ್ದಕ್ಕಿದ್ದಂತೆ ಗೊಂದಲ ಶುರುವಾದರೆ ಅದೇ ದಿನ ಆಸ್ಪತ್ರೆಗೆ ಕರೆದುಕೊಂಡು ಹೋಗಿ, ಸೋಡಿಯಂ ನೋಡಿಸಿ. ನಾವು ಎರಡು ದಿನ ಕಳೆದದ್ದು ತಪ್ಪು.

ದೊಡ್ಡಮ್ಮನ ಬಿಪಿ ಮಾತ್ರೆಯಲ್ಲಿ ಹೈಡ್ರೋಕ್ಲೋರೋಥಯಜೈಡ್ ಇತ್ತು. ಅದು ಮೂತ್ರದಲ್ಲಿ ಸೋಡಿಯಂ ಹೊರಗೆ ಹಾಕುತ್ತದೆ, ವಯಸ್ಸಾದವರಲ್ಲಿ ಈ ತೊಂದರೆ ಜಾಸ್ತಿ. ಅದರ ಮೇಲೆ ಸೆಕೆ ಅಂತ ನಾವೇ ಒತ್ತಾಯ ಮಾಡಿ ಚೆಂಬುಗಟ್ಟಲೆ ನೀರು, ದಿನಕ್ಕೆರಡು ಬೊಂಡ (ಎಳನೀರು) ಕುಡಿಸಿದ್ದೆವು. ಬೊಂಡದ ನೀರಿನಲ್ಲಿ ಪೊಟ್ಯಾಸಿಯಂ ಬೇಕಾದಷ್ಟಿದೆ, ಸೋಡಿಯಂ ಸ್ವಲ್ಪವೇ. (ಕಿಡ್ನಿ ತೊಂದರೆ ಇರುವವರಿಗೆ ಆ ಪೊಟ್ಯಾಸಿಯಂ ಏರಿ ಹೃದಯದ ಬಡಿತವೇ ತಪ್ಪಬಹುದು, ಕೇಳದೆ ಕೊಡಬೇಡಿ.) ವಾಂತಿ ಭೇದಿಗೆ ಓಆರ್‌ಎಸ್ಸೇ ಸರಿ. ಒಂದು ಲೀಟರ್ ನೀರಿಗೆ ಅದರಲ್ಲಿ 2.6 ಗ್ರಾಂ ಉಪ್ಪು, 13.5 ಗ್ರಾಂ ಗ್ಲೂಕೋಸ್ ಇರುತ್ತದೆ, ಆ ಗ್ಲೂಕೋಸ್ ಜೊತೆ ಸೇರಿಯೇ ಕರುಳು ಸೋಡಿಯಂ ಎಳೆದುಕೊಳ್ಳುವುದು.

ಹಾಗಾದರೆ ಉಪ್ಪು ನೀರು ಕುಡಿಸಿದರೆ ಆಯ್ತಲ್ವಾ? ಬೇಡ. ಫಿಟ್ಸ್ ಬಂದರೆ ಆಸ್ಪತ್ರೆಯಲ್ಲಿ 3% ಸಲೈನ್ (ಗಾಢ ಉಪ್ಪುನೀರಿನ ಡ್ರಿಪ್) ಕೊಟ್ಟು ಸೋಡಿಯಂ ಒಂದಿಷ್ಟು ಬೇಗ ಏರಿಸುತ್ತಾರೆ. ಆದರೂ 24 ಗಂಟೆಯಲ್ಲಿ 8ರಿಂದ 10ಕ್ಕಿಂತ ಜಾಸ್ತಿ ಏರಬಾರದು, ಏರಿದರೆ ಮಿದುಳಿನ ನರಗಳ ಹೊದಿಕೆ ಕಳಚಿ ಮಾತು, ನಡಿಗೆ ಹೋಗಿಬಿಡಬಹುದು. ಕೆಲವರಿಗೆ ಕುಡಿಯುವ ನೀರು ಕಡಿಮೆ ಮಾಡುವುದೇ ಮದ್ದು. ಯಾರಿಗೆ ಯಾವುದು ಅಂತ ಮೂತ್ರದ ಸೋಡಿಯಂ ಕೂಡ ನೋಡಿಯೇ ಡಾಕ್ಟರು ಹೇಳುತ್ತಾರೆ.

ದೊಡ್ಡಮ್ಮನ ಮಾತ್ರೆ ಬದಲಾಯಿಸಿದರು, ನೀರಿಗೆ ಅಳತೆ ಇಟ್ಟರು. ನಾಲ್ಕನೇ ದಿನ 129. ಆ ಬೆಳಿಗ್ಗೆ ನನ್ನ ಹೆಸರು ಹಿಡಿದು ಕರೆದು, ಗಂಜಿಗೆ ಮಿಡಿ ಉಪ್ಪಿನಕಾಯಿ ಕೇಳಿದರು.